ಶ್ರದ್ಧೆಯೂ ಲೋಕವ್ಯವಹಾರವೂ: ಕ್ಲಾಪಮ್ ಮಂಡಲಿಯ ಚರಿತ್ರೆ

ಧರ್ಮಶ್ರದ್ಧೆಯು ಮನುಷ್ಯನ ಅಂತರಂಗಕ್ಕೆ ಸೇರಿದುದೆಂದು ಎಲ್ಲರೂ ಒಪ್ಪುವರು. ಆದರೆ ಅಂತರಂಗದಲ್ಲಿ ಹುಟ್ಟಿದುದು ಅಲ್ಲಿಯೇ ನಿಲ್ಲತಕ್ಕುದೋ, ಅಥವಾ ಅವನೊಡನೆ ಅಂಗಡಿಗೂ ಕಚೇರಿಗೂ ನ್ಯಾಯಸ್ಥಾನಕ್ಕೂ ರಾಜಸಭೆಗೂ ನಡೆದು ಬರತಕ್ಕುದೋ ಎಂಬ ಪ್ರಶ್ನೆಯು ಸುಲಭವಾಗಿ ತೀರುವಂಥದಲ್ಲ. ಮನೆಯಲ್ಲಿಯೇ ಬಿಟ್ಟು ಬಂದರೆ ಶ್ರದ್ಧೆಯು ಬರಿಯ ಆಚಾರವಾಗಿ ಒಣಗುವುದು. ಹೊರಗೆ ತಂದರೆ ಅನ್ಯರ ತಲೆಯ ಮೇಲೆ ಹೇರುವ ಹೊರೆಯಾಗಬಹುದು. ಮತದ ಹೆಸರಿನಲ್ಲಿ ನಡೆದ ಯುದ್ಧಗಳನ್ನೂ ದಹನಗಳನ್ನೂ ಕಂಡಿದ್ದ ಯೂರೋಪಿನ ಜನರಿಗೆ ಈ ಎರಡನೆಯ ಭಯವು ಹದಿನೆಂಟನೆಯ ಶತಮಾನದಲ್ಲಿಯೂ ಮರೆತಿರಲಿಲ್ಲ. ಆದುದರಿಂದ ಆ ಕಾಲದ ಇಂಗ್ಲೆಂಡಿನ ಸಭ್ಯ ಗೃಹಸ್ಥರು ಭಾನುವಾರದ ದೇವರನ್ನು ಭಾನುವಾರಕ್ಕೇ ಮೀಸಲಿಟ್ಟು, ವಾರದ ಉಳಿದ ದಿನಗಳನ್ನು ವ್ಯವಹಾರಕ್ಕೆ ಬಿಟ್ಟುಕೊಟ್ಟಿದ್ದರು. ಧರ್ಮದ ವಿಷಯದಲ್ಲಿ 'ಉತ್ಸಾಹಿ' ಎಂದು ಕರೆಯುವುದು ಆಗಿನ ಇಂಗ್ಲಿಷರಲ್ಲಿ ನಿಂದೆಯ ಮಾತಾಗಿತ್ತು.

ಈ ಮರ್ಯಾದೆಯನ್ನು ಮೀರಿದ ಒಂದು ಸಣ್ಣ ಮಂಡಲಿಯು ಅದೇ ಶತಮಾನದ ಕೊನೆಯಲ್ಲಿ ಲಂಡನ್ ನಗರದ ದಕ್ಷಿಣಕ್ಕಿದ್ದ ಕ್ಲಾಪಮ್ ಎಂಬ ಹಳ್ಳಿಯಲ್ಲಿ ನೆರೆಯಿತು. ಅದರಲ್ಲಿದ್ದವರಲ್ಲಿ ಹೆಚ್ಚಿನವರು ಪಾದ್ರಿಗಳಲ್ಲ. ಒಬ್ಬನು ಬ್ಯಾಂಕಿನ ಒಡೆಯ, ಒಬ್ಬನು ವಕೀಲ, ಒಬ್ಬನು ಈಸ್ಟ್ ಇಂಡಿಯಾ ಕಂಪೆನಿಯ ನಿರ್ದೇಶಕ, ಒಬ್ಬನು ಒಂದು ಕಾಲದಲ್ಲಿ ಕಬ್ಬಿನ ತೋಟದ ಮೇಲ್ವಿಚಾರಕನಾಗಿದ್ದವನು, ಒಬ್ಬನು ಪಾರ್ಲಿಮೆಂಟಿನ ಸದಸ್ಯ. ಜನರು ಇವರನ್ನು ಹಾಸ್ಯಕ್ಕಾಗಿ 'ಸಂತರು' ಎಂದು ಕರೆದರು. ಮನುಷ್ಯನ ಖಾಸಗಿ ಶ್ರದ್ಧೆಯು ಸಾರ್ವಜನಿಕ ಜೀವನದಲ್ಲಿ ಏನನ್ನು ಸಾಧಿಸಬಲ್ಲುದು, ಎಲ್ಲಿ ದಾರಿತಪ್ಪಬಲ್ಲುದು ಎಂಬೆರಡಕ್ಕೂ ಇವರ ಚರಿತ್ರೆಯೇ ನಿದರ್ಶನವಾಗಿರುವುದರಿಂದಲೂ, ಇವರ ಕೈಕೆಲಸದ ಗುರುತು ನಮ್ಮ ನಾಡಿನವರೆಗೂ ಬಂದು ಮುಟ್ಟಿರುವುದರಿಂದಲೂ, ಅದು ವಿಚಾರಾರ್ಹವಾಗಿದೆ.

ಮಂಡಲಿಯವರ ಕಾರ್ಯದ ಬೆಲೆಯನ್ನು ತಿಳಿಯಲು ಅವರಿಗಿಂತ ಮೊದಲು ಶ್ರದ್ಧೆಗೂ ಕಸುಬಿಗೂ ನಡುವೆ ಎಷ್ಟು ದಪ್ಪವಾದ ಗೋಡೆಯಿತ್ತೆಂಬುದನ್ನು ನೋಡಬೇಕು. ಜಾನ್ ನ್ಯೂಟನ್ ಎಂಬ ನಾವಿಕನು 1748ರಲ್ಲಿ ಸಮುದ್ರದ ಬಿರುಗಾಳಿಗೆ ಸಿಕ್ಕಿ, ಪ್ರಾಣಭಯದಲ್ಲಿ ದೇವರನ್ನು ನೆನೆದು, ಆ ದಿನದಿಂದ ಭಕ್ತನಾದನು. ಆದರೆ ಅವನು ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನನಾದುದು ಆ ಬಳಿಕವೇ. 1750ರಿಂದ 1754ರವರೆಗೆ ಅವನು ಆಫ್ರಿಕದ ತೀರದಲ್ಲಿ ಮನುಷ್ಯರನ್ನು ಕೊಂಡು ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಮಾರಿದನು. ಹಡಗಿನ ಅಟ್ಟದ ಮೇಲೆ ಭಾನುವಾರ ನಾವಿಕರನ್ನು ಕೂಡಿಸಿ ಪ್ರಾರ್ಥನೆ ನಡೆಸುತ್ತಿದ್ದಾಗ, ಅದೇ ಅಟ್ಟದ ಕೆಳಗೆ ಸಂಕೋಲೆ ತೊಟ್ಟ ನೂರಾರು ಜನರು ಉಸಿರಾಡಲು ಗಾಳಿಯಿಲ್ಲದೆ ಮಲಗಿದ್ದರು. ಅವನು ಆ ವೃತ್ತಿಯನ್ನು ಬಿಟ್ಟುದು ಮನಸ್ಸಾಕ್ಷಿಯ ಕಾರಣದಿಂದಲ್ಲ, ದೇಹಾಸ್ವಾಸ್ಥ್ಯದ ಕಾರಣದಿಂದ. ಅವನು ಕಪಟಿಯಾಗಿರಲಿಲ್ಲವೆಂಬುದೇ ಇಲ್ಲಿ ಹೆಚ್ಚು ಭಯಂಕರವಾದ ಸಂಗತಿ. ಅವನ ಭಕ್ತಿಯು ನಿಜವಾದುದು. ಆದರೆ ಅದು ಅವನ ಕಸುಬನ್ನು ಒಂದು ದಿನವಾದರೂ ಪ್ರಶ್ನಿಸಿರಲಿಲ್ಲ.

ನ್ಯೂಟನ್ ಒಬ್ಬನೇ ಹೀಗಿದ್ದನೆಂದಲ್ಲ. ಕ್ರೈಸ್ತಮತ ಪ್ರಸಾರಕ್ಕೆಂದೇ ಸ್ಥಾಪಿತವಾದ ಆಂಗ್ಲಿಕನ್ ಸಂಘವೊಂದಕ್ಕೆ ಬಾರ್ಬಡೋಸ್ ದ್ವೀಪದಲ್ಲಿ ಕಾಡ್ರಿಂಗ್ಟನ್ ಎಂಬ ಕಬ್ಬಿನ ತೋಟವು ದಾನವಾಗಿ ಬಂದಿತ್ತು. ಅಲ್ಲಿಯ ಗುಲಾಮರ ಎದೆಯ ಮೇಲೆ ಒಂದು ಕಾಲದಲ್ಲಿ ಕಾಯಿಸಿದ ಕಬ್ಬಿಣದಿಂದ 'ಸಂಘ' ಎಂಬ ಅರ್ಥದ ಇಂಗ್ಲಿಷ್ ಅಕ್ಷರಗಳನ್ನು ಒತ್ತಲಾಗುತ್ತಿತ್ತು. ಶ್ರದ್ಧೆಯನ್ನು ಲೆಕ್ಕದ ಪುಸ್ತಕದಿಂದ ಬೇರೆಯಾಗಿರಿಸಿದರೆ ಸಜ್ಜನರ ಸಂಘವೂ ಯಾವ ಹಂತಕ್ಕೆ ಇಳಿಯಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ಬೇಕಾಗಿಲ್ಲ.

ಈ ಗೋಡೆಯನ್ನು ಮೊದಲು ತಟ್ಟಿದವನು ಒಬ್ಬ ಗುಮಾಸ್ತ. ಗ್ರಾನ್ವಿಲ್ ಶಾರ್ಪ್ ಎಂಬ ಈತನು 1735ರಲ್ಲಿ ಹುಟ್ಟಿದನು. ಅಜ್ಜನು ಯಾರ್ಕಿನ ಆರ್ಚ್‌ಬಿಷಪ್ ಆಗಿದ್ದರೂ, ಮನೆಯಲ್ಲಿ ಮಕ್ಕಳು ಬಹಳವಾಗಿದ್ದುದರಿಂದ ಹುಡುಗನನ್ನು ಬಟ್ಟೆಯಂಗಡಿಯಲ್ಲಿ ಕೆಲಸ ಕಲಿಯಲು ಬಿಟ್ಟರು. ಜತೆಯಲ್ಲಿದ್ದವರೊಡನೆ ಧರ್ಮವಿಷಯದಲ್ಲಿ ವಾದ ಮಾಡುವುದಕ್ಕೋಸ್ಕರ ಅವನು ಬಿಡುವಿನ ವೇಳೆಯಲ್ಲಿ ಗ್ರೀಕ್ ಭಾಷೆಯನ್ನೂ ಹೀಬ್ರೂ ಭಾಷೆಯನ್ನೂ ಕಲಿತನು. ಮುಂದೆ ಸರ್ಕಾರದ ಯುದ್ಧಸಾಮಗ್ರಿಯ ಕಚೇರಿಯಲ್ಲಿ ಗುಮಾಸ್ತೆ ದೊರೆಯಿತು. ಅವನ ಅಣ್ಣನು ಬಡವರಿಗೆ ಉಚಿತವಾಗಿ ಚಿಕಿತ್ಸೆ ಮಾಡುತ್ತಿದ್ದ ಶಸ್ತ್ರವೈದ್ಯ. 1765ರಲ್ಲಿ ಒಂದು ದಿನ ಆ ವೈದ್ಯನ ಬಾಗಿಲಲ್ಲಿ ಜೊನಾಥನ್ ಸ್ಟ್ರಾಂಗ್ ಎಂಬ ಕಪ್ಪು ಹುಡುಗನು ನಿಂತಿದ್ದನು. ಒಡೆಯನು ಪಿಸ್ತೂಲಿನ ಹಿಡಿಯಿಂದ ತಲೆಗೆ ಹೊಡೆದು, ಇನ್ನು ಪ್ರಯೋಜನಕ್ಕೆ ಬಾರನೆಂದು ಬೀದಿಗೆ ತಳ್ಳಿದ್ದನು. ಅಣ್ಣತಮ್ಮಂದಿರು ಅವನನ್ನು ಬದುಕಿಸಿ ಕೆಲಸಕ್ಕೆ ಹಚ್ಚಿದರು. ಎರಡು ವರ್ಷಗಳ ತರುವಾಯ ಹಳೆಯ ಒಡೆಯನು ಅವನನ್ನು ಕಂಡು, ಹಿಡಿಸಿ, ಮತ್ತೊಬ್ಬನಿಗೆ ಮಾರಿಬಿಟ್ಟನು.

ಶಾರ್ಪನು ಹುಡುಗನನ್ನು ಬಿಡಿಸಿದನು. ವಕೀಲರು ಮಾತ್ರ, ಇಂಗ್ಲೆಂಡಿನಲ್ಲಿಯೂ ಗುಲಾಮನು ಒಡೆಯನ ಸೊತ್ತೇ ಸರಿಯೆಂದು ಹೇಳಿದರು. ನ್ಯಾಯಶಾಸ್ತ್ರದ ಪುಸ್ತಕವನ್ನು ಅದುವರೆಗೆ ತೆರೆದು ನೋಡದಿದ್ದ ಆ ಗುಮಾಸ್ತನು ಕಚೇರಿಯ ಕೆಲಸ ಮುಗಿದ ಮೇಲೆ ಎರಡು ವರ್ಷ ಶಾಸನಗಳನ್ನು ಓದಿ, 1769ರಲ್ಲಿ ಅವರ ಮತವನ್ನು ಖಂಡಿಸುವ ಗ್ರಂಥವನ್ನು ಪ್ರಕಟಿಸಿದನು. 1772ನೆಯ ಜೂನ್ 22ರಂದು ಲಾರ್ಡ್ ಮ್ಯಾನ್ಸ್‌ಫೀಲ್ಡನು ಜೇಮ್ಸ್ ಸಾಮರ್ಸೆಟ್ ಎಂಬ ಗುಲಾಮನ ವ್ಯಾಜ್ಯದಲ್ಲಿ, ಇಂಗ್ಲೆಂಡಿಗೆ ಬಂದ ಗುಲಾಮನನ್ನು ಬಲಾತ್ಕಾರದಿಂದ ಹೊರಕ್ಕೆ ಸಾಗಿಸಲು ಒಡೆಯನಿಗೆ ಅಧಿಕಾರವಿಲ್ಲವೆಂದು ತೀರ್ಪಿತ್ತನು. ಆ ತೀರ್ಪಿನ ಹಿಂದೆ ಶಾರ್ಪನ ವ್ಯಾಸಂಗವಿತ್ತು. ಇಲ್ಲಿ ಗಮನಿಸಬೇಕಾದುದೊಂದುಂಟು. ಅವನನ್ನು ಪ್ರೇರಿಸಿದುದು ಬೈಬಲ್ಲು. ಆದರೆ ನ್ಯಾಯಸ್ಥಾನದ ಮುಂದೆ ಅವನು ಇಟ್ಟುದು ನೆಲದ ಶಾಸನವನ್ನು. ತನ್ನ ಶ್ರದ್ಧೆಯನ್ನು ಹಂಚಿಕೊಳ್ಳದವನೂ ಒಪ್ಪಲೇಬೇಕಾದ ರೂಪದಲ್ಲಿ ಅವನು ತನ್ನ ವಾದವನ್ನು ಕಟ್ಟಿದನು.

ಅಮೆರಿಕದ ವಸಾಹತುಗಳ ಮೇಲೆ ಯುದ್ಧ ತೊಡಗಿದಾಗ, ಆ ಜನರ ಕಡೆಗೇ ನ್ಯಾಯವಿದೆಯೆಂದು ನಂಬಿದ್ದ ಶಾರ್ಪನ ಮೇಜಿಗೆ ಅವರ ವಿರುದ್ಧವಾಗಿ ಆಯುಧಗಳನ್ನು ಕಳುಹಿಸುವ ಕಾಗದಗಳು ಬರತೊಡಗಿದುವು. ಅವನು ಗದ್ದಲವೆಬ್ಬಿಸಲಿಲ್ಲ, ಕಾಗದಗಳನ್ನು ಬಚ್ಚಿಡಲಿಲ್ಲ. ಮೊದಲು ರಜೆ ಪಡೆದು, ಕೊನೆಗೆ ಕೆಲಸವನ್ನೇ ಬಿಟ್ಟನು. ಬೇರೆ ಆದಾಯವಿಲ್ಲದ ಅವನನ್ನು ಅಣ್ಣಂದಿರು ತಮ್ಮ ಮನೆಯಲ್ಲಿರಿಸಿಕೊಂಡು ಸಾಕಿದರು.

1783ರಲ್ಲಿ ಶಾರ್ಪನ ಮನೆಗೆ ಓಲಾಡಾ ಎಕ್ವಿಯಾನೋ ಎಂಬವನು ಬಂದನು. ಗುಲಾಮನಾಗಿ ದುಡಿದು, ತನ್ನ ಬೆಲೆಯನ್ನು ತಾನೇ ತೆತ್ತು ಬಿಡುಗಡೆ ಹೊಂದಿದ್ದ ಅವನು ಒಂದು ಹೊಸ ವಾರ್ತೆಯನ್ನು ತಂದಿದ್ದನು. ಜಾಂಗ್ ಎಂಬ ಹಡಗಿನವರು 1781ರಲ್ಲಿ ನೂರಮೂವತ್ತರಷ್ಟು ಗುಲಾಮರನ್ನು ಜೀವಸಹಿತ ಕಡಲಿಗೆ ಎಸೆದು, ಸರಕು ನಷ್ಟವಾಯಿತೆಂದು ವಿಮೆಯ ಹಣವನ್ನು ಕೇಳಿದ್ದರು. ನ್ಯಾಯಸ್ಥಾನದಲ್ಲಿ ನಡೆದುದು ಕೊಲೆಯ ವಿಚಾರಣೆಯಲ್ಲ, ವಿಮೆಯ ವ್ಯಾಜ್ಯ. ಕೊಲೆಯ ಮೊಕದ್ದಮೆಯನ್ನು ಹೂಡಿಸಲು ಶಾರ್ಪನು ಮಾಡಿದ ಪ್ರಯತ್ನವು ಫಲಿಸಲಿಲ್ಲ. ಆದರೆ ಆ ಹಡಗಿನ ಕಥೆಯು ಅನೇಕರ ನಿದ್ರೆಯನ್ನು ಕೆಡಿಸಿತು.

ಇದೇ ಕಾಲದಲ್ಲಿ ಪಾರ್ಲಿಮೆಂಟಿನಲ್ಲಿ ವಿಲಿಯಂ ವಿಲ್ಬರ್‌ಫೋರ್ಸ್ ಎಂಬ ತರುಣನು ಬೆಳಕಿಗೆ ಬರುತ್ತಿದ್ದನು. 1759ರಲ್ಲಿ ಹಲ್ ಪಟ್ಟಣದ ವರ್ತಕರ ಮನೆಯಲ್ಲಿ ಹುಟ್ಟಿ, ಇಪ್ಪತ್ತೊಂದನೆಯ ವಯಸ್ಸಿಗೆ ಸದಸ್ಯನಾಗಿ, 1784ರಲ್ಲಿ ಯಾರ್ಕ್‌ಷೈರ್ ಪ್ರಾಂತದಿಂದ ಚುನಾಯಿತನಾದ ಅವನು ಆಗಿನ ಪ್ರಧಾನಮಂತ್ರಿ ವಿಲಿಯಂ ಪಿಟ್ಟನಿಗೆ ಪ್ರಾಣಮಿತ್ರ. ಸವಿಯಾದ ಕಂಠ, ಚುರುಕಾದ ಹಾಸ್ಯ, ಕೈತುಂಬ ಹಣ; ಮಂತ್ರಿಪದವಿಯು ಅವನಿಗೆ ದೂರವಿರಲಿಲ್ಲ. 1785ರಲ್ಲಿ ಅವನ ಮನಸ್ಸು ಧರ್ಮದ ಕಡೆಗೆ ತಿರುಗಿತು, ಲೋಕವ್ಯವಹಾರವು ಬೇಡವೆನಿಸಿತು. ಆ ಡಿಸೆಂಬರ್ ತಿಂಗಳಲ್ಲಿ ಅವನು ಗುಟ್ಟಾಗಿ ಒಬ್ಬ ಪಾದ್ರಿಯನ್ನು ಕಾಣಲು ಹೋದನು. ಯಾರಾದರೂ ಕಂಡಾರೆಂಬ ಅಳುಕಿನಿಂದ ಒಂದೆರಡು ಸಲ ಚೌಕವನ್ನು ಸುತ್ತಿ, ಆಮೇಲೆ ಬಾಗಿಲು ತಟ್ಟಿದನು. ಆ ಪಾದ್ರಿಯು ಬೇರೆ ಯಾರೂ ಅಲ್ಲ. ಹಿಂದೆ ಗುಲಾಮರ ಹಡಗನ್ನು ನಡೆಸಿದ್ದ ಜಾನ್ ನ್ಯೂಟನ್.

ನ್ಯೂಟನ್ ಅವನಿಗೆ ರಾಜಕಾರ್ಯವನ್ನು ಬಿಡಬೇಡವೆಂದು ಬುದ್ಧಿ ಹೇಳಿದನು. ಧರ್ಮದಲ್ಲಿ ಅಷ್ಟೇನೂ ಆಸಕ್ತಿಯಿಲ್ಲದ ಪಿಟ್ಟನೂ ಗೆಳೆಯನಿಗೆ ಬರೆದ ಕಾಗದದಲ್ಲಿ, ಕ್ರೈಸ್ತಧರ್ಮದ ತತ್ತ್ವಗಳು ಧ್ಯಾನದಲ್ಲಿ ಮುಗಿಯದೆ ಕಾರ್ಯಕ್ಕೆ ಕೊಂಡೊಯ್ಯಬೇಕಲ್ಲವೆ ಎಂಬ ಅಭಿಪ್ರಾಯವನ್ನೇ ತಿಳಿಸಿದ್ದನು. ವಿಲ್ಬರ್‌ಫೋರ್ಸನು ಸಭೆಯಲ್ಲಿಯೇ ಉಳಿದನು. ನ್ಯೂಟನ್ನನೂ 1788ರಲ್ಲಿ ತನ್ನ ಹಿಂದಿನ ವೃತ್ತಿಯ ಕ್ರೌರ್ಯವನ್ನು ಬಯಲುಮಾಡುವ ಪುಸ್ತಕವನ್ನು ಬರೆದು, ಮುಂದೆ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷ್ಯವನ್ನೂ ನುಡಿದನು. ಅಷ್ಟು ಹೊತ್ತಿಗೆ ಅವನು ಹಡಗನ್ನು ಬಿಟ್ಟು ಮೂವತ್ತನಾಲ್ಕು ವರ್ಷಗಳಾಗಿದ್ದುವು.

1787ನೆಯ ಮೇ 22ರಂದು ಗುಲಾಮರ ವ್ಯಾಪಾರವನ್ನು ನಿಲ್ಲಿಸುವ ಉದ್ದೇಶದಿಂದ ಲಂಡನ್ನಿನಲ್ಲಿ ಹನ್ನೆರಡು ಜನರ ಸಮಿತಿಯೊಂದು ಏರ್ಪಟ್ಟಿತು. ಅವರಲ್ಲಿ ಒಂಬತ್ತು ಮಂದಿ ಕ್ವೇಕರ್ ಪಂಥದವರು. ಪ್ರಮಾಣವಚನವನ್ನು ಸ್ವೀಕರಿಸುವುದು ಅವರ ಧರ್ಮಕ್ಕೆ ವಿರುದ್ಧವಾದುದರಿಂದ ಆ ಪಂಥದವರಿಗೆ ಪಾರ್ಲಿಮೆಂಟಿನ ಬಾಗಿಲು ಮುಚ್ಚಿತ್ತು. ಶಾರ್ಪನು ಅಧ್ಯಕ್ಷನಾದನು, ಥಾಮಸ್ ಕ್ಲಾರ್ಕ್‌ಸನ್ ಎಂಬ ತರುಣ ವಿದ್ವಾಂಸನು ಕುದುರೆಯೇರಿ ಬ್ರಿಸ್ಟಲ್, ಲಿವರ್‌ಪೂಲ್ ರೇವುಗಳಿಗೆ ಹೋಗಿ ನಾವಿಕರ ಹೇಳಿಕೆಗಳನ್ನೂ ಹಡಗುಗಳ ಹಾಜರಿ ಪಟ್ಟಿಗಳನ್ನೂ ಸಂಗ್ರಹಿಸಿದನು, ಪಾರ್ಲಿಮೆಂಟಿನಲ್ಲಿ ಮಾತನಾಡುವ ಹೊಣೆಯು ವಿಲ್ಬರ್‌ಫೋರ್ಸನದಾಯಿತು.

1789ನೆಯ ಮೇ 12ರಂದು ಅವನು ಮೂರೂವರೆ ಗಂಟೆಗಳ ಕಾಲ ಮಾತನಾಡಿದನು. ಅದು ಧರ್ಮೋಪದೇಶವಾಗಿರಲಿಲ್ಲ. ಹಡಗಿನಲ್ಲಿ ಎಷ್ಟು ಜನರನ್ನು ತುಂಬುವರು, ದಾರಿಯಲ್ಲಿ ಎಷ್ಟು ಜನರು ಸಾಯುವರು, ಈ ವ್ಯಾಪಾರದಲ್ಲಿ ಇಂಗ್ಲಿಷ್ ನಾವಿಕರೇ ಎಷ್ಟು ಮಂದಿ ಮಡಿಯುವರು ಎಂಬ ಲೆಕ್ಕವನ್ನೇ ಅವನು ಮುಂದಿಟ್ಟನು. ಯಾರೊಬ್ಬರನ್ನೂ ದೂಷಿಸದೆ, ಈ ಪಾಪದಲ್ಲಿ ಇಡೀ ರಾಷ್ಟ್ರವೇ ಅಪರಾಧಿಯೆಂದು ತನ್ನನ್ನೂ ಸೇರಿಸಿಕೊಂಡು ನುಡಿದನು. ಅದೇ ಸುಮಾರಿಗೆ ಬ್ರೂಕ್ಸ್ ಎಂಬ ಹಡಗಿನ ಒಳನಕ್ಷೆಯು ಅಚ್ಚಾಗಿ ಮನೆಮನೆಗೂ ಹೋಯಿತು. ಪ್ರತಿಯೊಬ್ಬ ಗಂಡಸಿಗೂ ಆರಡಿ ಉದ್ದ, ಒಂದಡಿ ನಾಲ್ಕಂಗುಲ ಅಗಲದ ಸ್ಥಳ; ಹೀಗೆ ನಾನೂರಕ್ಕೂ ಮಿಕ್ಕಿದ ದೇಹಗಳನ್ನು ಹಲಗೆಗಳಂತೆ ಜೋಡಿಸಿದ ಆ ಚಿತ್ರವನ್ನು ನೋಡಿದವರಿಗೆ ವಾದದ ಅಗತ್ಯವಿರಲಿಲ್ಲ. ವೆಸ್ಟ್ ಇಂಡೀಸಿನ ಸಕ್ಕರೆಯನ್ನು ಮನೆಯೊಳಕ್ಕೆ ತರುವುದಿಲ್ಲವೆಂದು ಗೃಹಿಣಿಯರು ನಿಯಮ ಹಿಡಿದರು. ಹೀಗೆ ಸಕ್ಕರೆಯನ್ನು ತೊರೆದವರು ಮೂರು ಲಕ್ಷವೆಂದು ಕ್ಲಾರ್ಕ್‌ಸನ್ನನು ಅಂದಾಜು ಮಾಡಿದನು.

ಆದರೂ ಜಯವು ದೂರವೇ ಉಳಿಯಿತು. 1791ರಲ್ಲಿ ವಿಲ್ಬರ್‌ಫೋರ್ಸನ ಸೂಚನೆಯು 88ಕ್ಕೆ 163 ಮತಗಳಿಂದ ಬಿದ್ದುಹೋಯಿತು. 1792ರಲ್ಲಿ 519 ಮನವಿಪತ್ರಗಳು ಬಂದಾಗ, ಹೆನ್ರಿ ಡಂಡಾಸ್ ಎಂಬ ಮಂತ್ರಿಯು 'ಕ್ರಮಕ್ರಮವಾಗಿ' ಎಂಬ ಒಂದೇ ಮಾತನ್ನು ನಡುವೆ ಸೇರಿಸಿ ಸೂಚನೆಯ ಸತ್ತ್ವವನ್ನು ಹೀರಿಬಿಟ್ಟನು. ಮರುವರ್ಷ ಫ್ರಾನ್ಸಿನೊಡನೆ ಯುದ್ಧವು ಹತ್ತಿ, ಸುಧಾರಣೆಯ ಮಾತಾಡಿದವರೆಲ್ಲರೂ ರಾಜದ್ರೋಹಿಗಳಾಗಿ ಕಾಣತೊಡಗಿದರು. 1796ರಲ್ಲಿ ಮಸೂದೆಯು ಕೇವಲ ನಾಲ್ಕು ಮತಗಳಿಂದ ಸೋತಿತು. ಬೆಂಬಲಿಸಬೇಕಾಗಿದ್ದ ಕೆಲವರು ಆ ರಾತ್ರಿ ಹೊಸ ಸಂಗೀತನಾಟಕವನ್ನು ನೋಡಲು ಹೋಗಿದ್ದರು.

ಈ ಸೋಲುಗಳ ವರ್ಷಗಳಲ್ಲಿ ವಿಲ್ಬರ್‌ಫೋರ್ಸನನ್ನು ಕುಗ್ಗದಂತೆ ಹಿಡಿದುನಿಲ್ಲಿಸಿದುದು ಕ್ಲಾಪಮಿನ ನೆರೆಹೊರೆ. ಹೆನ್ರಿ ಥಾರ್ನ್ಟನ್ ಎಂಬ ಬ್ಯಾಂಕಿನ ಒಡೆಯನು 1792ರಲ್ಲಿ ಅಲ್ಲಿ ದೊಡ್ಡ ಮನೆಯೊಂದನ್ನು ಕೊಂಡು ಗೆಳೆಯರನ್ನು ಸುತ್ತಲೂ ನೆಲೆಗೊಳಿಸಿದನು. ಅವನು ಮದುವೆಗೆ ಮುಂಚೆ ತನ್ನ ವಾರ್ಷಿಕ ಆದಾಯದ ಏಳು ಪಾಲುಗಳಲ್ಲಿ ಆರನ್ನು ದಾನಕ್ಕೆ ಎತ್ತಿಡುತ್ತಿದ್ದನು. ಚುನಾವಣೆಯಲ್ಲಿ ಮತದಾರರಿಗೆ ಹಣ ಹಂಚುವುದು ಆಗಿನ ರೂಢಿಯಾಗಿದ್ದರೂ ಅದಕ್ಕೆ ಒಪ್ಪದೆಯೇ ಅವನು 1782ರಿಂದ 1815ರಲ್ಲಿ ಮರಣಹೊಂದುವವರೆಗೂ ಸೌತ್‌ವರ್ಕಿನ ಸದಸ್ಯನಾಗಿದ್ದನು. ಅಷ್ಟಲ್ಲದೆ, ಕಾಗದದ ನಾಣ್ಯವನ್ನೂ ಸಾಲವ್ಯವಸ್ಥೆಯನ್ನೂ ಕುರಿತು 1802ರಲ್ಲಿ ಅವನು ಬರೆದ ಗ್ರಂಥವನ್ನು ಅರ್ಥಶಾಸ್ತ್ರಜ್ಞರು ಈಗಲೂ ಓದುವರು. ದೇವರನ್ನು ನಂಬಿದವನು ತನ್ನ ಕಸುಬಿನಲ್ಲಿ ಕಚ್ಚಾ ಇರಬೇಕೆಂಬ ನಿಯಮವಿಲ್ಲವೆಂದು ಅವನ ಜೀವನವು ತೋರಿಸಿತು.

ಜೇಮ್ಸ್ ಸ್ಟೀಫನ್ನನು ವಕೀಲ. 1783ರಲ್ಲಿ ಬಾರ್ಬಡೋಸಿನ ನ್ಯಾಯಸ್ಥಾನವು ಗುಲಾಮರನ್ನು ಜೀವಂತ ಸುಡುವಂತೆ ವಿಧಿಸಿದುದನ್ನು ಕಣ್ಣಾರೆ ಕಂಡು, ತಾನೆಂದಿಗೂ ಗುಲಾಮರನ್ನು ಇಟ್ಟುಕೊಳ್ಳುವುದಿಲ್ಲವೆಂದು ಪಣತೊಟ್ಟವನು. ಜಕಾರಿ ಮೆಕಾಲೆಯು ಹದಿನಾರನೆಯ ವಯಸ್ಸಿನಲ್ಲಿ ಜಮೈಕದ ತೋಟಕ್ಕೆ ಹೋಗಿ ಚಾವಟಿಯ ಆಳ್ವಿಕೆಯನ್ನು ಒಳಗಿನಿಂದ ಬಲ್ಲವನು. ಬಿಡುಗಡೆ ಹೊಂದಿದ ಗುಲಾಮರಿಗಾಗಿ ಸ್ಥಾಪಿಸಿದ ಸಿಯೆರಾ ಲಿಯೋನ್ ವಸಾಹತಿಗೆ ಮುಂದೆ ಅವನು ಗವರ್ನರನಾದನು. ಅಲ್ಲಿಂದ ಊರಿಗೆ ಮರಳುವಾಗ ಗುಲಾಮರ ಹಡಗನ್ನೇ ಹತ್ತಿ, ಆ ಪ್ರಯಾಣದಲ್ಲಿ ಕಂಡುದನ್ನೆಲ್ಲ ಯಾರಿಗೂ ತಿಳಿಯದಂತೆ ಗ್ರೀಕ್ ಅಕ್ಷರಗಳಲ್ಲಿ ಬರೆದಿಟ್ಟನು. ಭಾರತದ ವಿದ್ಯಾಭ್ಯಾಸ ಪದ್ಧತಿಯ ಚರಿತ್ರೆಯಲ್ಲಿ ಹೆಸರಾದ ಲಾರ್ಡ್ ಮೆಕಾಲೆಯು ಈತನ ಮಗನೇ.

ಗೆಲುವಿಗೆ ದಾರಿಯನ್ನು ತೋರಿದುದು ಸ್ಟೀಫನ್ನನ ವೃತ್ತಿಚಾತುರ್ಯ. ಶತ್ರುರಾಷ್ಟ್ರಗಳ ವಸಾಹತುಗಳಿಗೆ ಬ್ರಿಟಿಷರು ಗುಲಾಮರನ್ನು ಒದಗಿಸಕೂಡದೆಂಬ ಮಸೂದೆಯು 1806ರಲ್ಲಿ ಯುದ್ಧನೀತಿಯ ವೇಷದಲ್ಲಿ ಬಂದು ಅಂಗೀಕೃತವಾಯಿತು. ವ್ಯಾಪಾರದ ಬಹುಭಾಗವು ಅದರಿಂದಲೇ ಕತ್ತರಿಸಿಹೋಯಿತು. 1807ನೆಯ ಫೆಬ್ರವರಿ 23ರ ರಾತ್ರಿ ಮೂಲ ಮಸೂದೆಯು 16ಕ್ಕೆ 283 ಮತಗಳಿಂದ ಗೆದ್ದಿತು. ಸಭೆಯೆಲ್ಲ ಎದ್ದು ಜಯಕಾರ ಮಾಡುತ್ತಿರಲು ವಿಲ್ಬರ್‌ಫೋರ್ಸನು ತಲೆಬಾಗಿ ಕಣ್ಣೀರಿಡುತ್ತಿದ್ದನು. ಮಾರ್ಚ್ 25ರಂದು ಅರಸನ ಸಮ್ಮತಿಯು ದೊರೆಯಿತು.

ಇದಕ್ಕೆ ಎರಡು ವರ್ಷ ಮೊದಲು ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳದಿರಬಾರದು. ಡಂಡಾಸನು ಲಾರ್ಡ್ ಮೆಲ್ವಿಲ್ ಆಗಿ ನೌಕಾಪಡೆಯ ಮಂತ್ರಿಯಾಗಿದ್ದಾಗ, ಹಿಂದೆ ಅವನ ಕೈಕೆಳಗಿನ ಅಧಿಕಾರಿಯು ಸರ್ಕಾರದ ಹಣವನ್ನು ಸ್ವಂತಕ್ಕೆ ತಿರುಗಿಸಿದ್ದನೆಂಬ ಆಪಾದನೆಯು ಹೊರಬಿದ್ದಿತು. ಪಿಟ್ಟನು ತನ್ನ ಸಹೋದ್ಯೋಗಿಯನ್ನು ಕಾಯಲು ನಿಂತನು. 1805ನೆಯ ಏಪ್ರಿಲ್ 8ರಂದು ವಿಲ್ಬರ್‌ಫೋರ್ಸನು ಎದ್ದು, ಎದುರಿಗೆ ಕುಳಿತ ಇಪ್ಪತ್ತೈದು ವರ್ಷಗಳ ಗೆಳೆಯನ ನೋಟವನ್ನು ಸಹಿಸಿಕೊಂಡು, ಮೆಲ್ವಿಲ್ಲನ ವಿರುದ್ಧವಾಗಿ ಮಾತನಾಡಿದನು. ಮತಗಳು ಎರಡು ಕಡೆಗೂ 216 ಆಗಿ ಸಮನಾದುವು. ಸಭಾಪತಿಯ ಒಂದು ಮತದಿಂದ ಖಂಡನೆಯು ಸ್ಥಿರಪಟ್ಟಿತು. ಪಿಟ್ಟನ ಕಣ್ಣಲ್ಲಿ ನೀರಾಡಿತು. ಮರುವರ್ಷ ವಿಚಾರಣೆಯಲ್ಲಿ ಮೆಲ್ವಿಲ್ಲನು ಬಿಡುಗಡೆ ಹೊಂದಿದನು. ಆದರೆ ಪದವಿಯನ್ನೂ ಪಕ್ಷವನ್ನೂ ಸ್ನೇಹವನ್ನೂ ಮೀರಿ ತನ್ನ ಮನಸ್ಸಾಕ್ಷಿಗೆ ಉತ್ತರ ಹೇಳಬೇಕೆಂಬ ನಿಯಮವನ್ನು ವಿಲ್ಬರ್‌ಫೋರ್ಸನು ಮೊದಲು ತನಗೇ ಅನ್ವಯಿಸಿಕೊಂಡನೆಂಬುದು ಈ ಸಂಗತಿಯಿಂದ ಸ್ಪಷ್ಟವಾಗುವುದು.

ಇಷ್ಟು ಮಾತ್ರ ಹೇಳಿ ನಿಲ್ಲಿಸಿದರೆ ಅದು ಸ್ತುತಿಪಾಠವಾದೀತು, ಚರಿತ್ರೆಯಾಗಲಾರದು. ಕಡಲಾಚೆಯ ಸಂಕೋಲೆಯನ್ನು ಕಂಡು ಕರಗಿದ ವಿಲ್ಬರ್‌ಫೋರ್ಸನು ತನ್ನ ನಾಡಿನ ಕೂಲಿಕಾರರು ಸಂಘ ಕಟ್ಟುವುದನ್ನು ನಿಷೇಧಿಸಿದ 1799ರ ಶಾಸನವನ್ನು ಬೆಂಬಲಿಸಿದನು. 1795ರಲ್ಲಿಯೂ 1819ರಲ್ಲಿಯೂ ಸಾರ್ವಜನಿಕ ಸಭೆಗಳಿಗೆ ಕಡಿವಾಣ ಹಾಕಿದ ಶಾಸನಗಳಿಗೆ ಒತ್ತಾಸೆಯಾದನು. ವಿಲಿಯಂ ಕಾಬೆಟ್ ಎಂಬ ಪತ್ರಿಕಾಕರ್ತನು ಅವನನ್ನು ಇದಕ್ಕಾಗಿಯೇ ಕಟುವಾಗಿ ಹಳಿದನು. ಗುಲಾಮಗಿರಿಯ ಅಂತ್ಯಕ್ಕೆ ಕ್ಲಾಪಮಿನವರೊಬ್ಬರೇ ಕಾರಣರೆಂಬುದೂ ಸತ್ಯವಲ್ಲ. 1791ರಲ್ಲಿ ಹೈಟಿಯ ಗುಲಾಮರು ಬಂಡೆದ್ದು ತಮ್ಮ ಸ್ವಾತಂತ್ರ್ಯವನ್ನು ತಾವೇ ಗಳಿಸಿದರು. 1831ರ ಕೊನೆಯಲ್ಲಿ ಜಮೈಕದಲ್ಲಿ ದಂಗೆಯನ್ನು ನಡೆಸಿ ಮರುವರ್ಷ ಗಲ್ಲಿಗೇರಿದ ಸ್ಯಾಮ್ ಶಾರ್ಪನು ಬ್ಯಾಪ್ಟಿಸ್ಟ್ ಸಭೆಯ ಉಪದೇಶಕನಾಗಿದ್ದ ಗುಲಾಮ. ಒಡೆಯರ ಧರ್ಮಗ್ರಂಥದಲ್ಲಿಯೇ ಅವನು ಬಿಡುಗಡೆಯ ಆಜ್ಞೆಯನ್ನು ಓದಿಕೊಂಡಿದ್ದನು. ತೋಟಗಳ ಆರ್ಥಿಕ ಸ್ಥಿತಿಗತಿಯನ್ನು ಪ್ರಧಾನ ಕಾರಣವೆಂದು ಎರಿಕ್ ವಿಲಿಯಮ್ಸ್‌ನು 1944ರಲ್ಲಿ ವಾದಿಸಿದನು. ಆ ಚರ್ಚೆಯು ಇನ್ನೂ ಮುಗಿದಿಲ್ಲ. 1833ನೆಯ ಜುಲೈ 26ರಂದು ಗುಲಾಮಗಿರಿಯನ್ನೇ ರದ್ದುಮಾಡುವ ಮಸೂದೆಯು ಕಾಮನ್ಸ್ ಸಭೆಯನ್ನು ದಾಟಿತು. ಮೂರು ದಿನಗಳ ಬಳಿಕ ವಿಲ್ಬರ್‌ಫೋರ್ಸನು ಕಣ್ಣುಮುಚ್ಚಿದನು. ಆ ಶಾಸನದ ಪ್ರಕಾರ ಎರಡು ಕೋಟಿ ಪೌಂಡುಗಳ ಪರಿಹಾರವು ದೊರೆತುದು ಒಡೆಯರಿಗೆ. ಗುಲಾಮರಿಗೆ ಒಂದು ಕಾಸೂ ಇಲ್ಲ. ಈಸ್ಟ್ ಇಂಡಿಯಾ ಕಂಪೆನಿಯ ಸೀಮೆಗಳನ್ನು ಅದರಿಂದ ಹೊರಗಿಡಲಾಯಿತು. ಭಾರತದಲ್ಲಿ ಆ ವಿಷಯದ ಶಾಸನವು ಬಂದುದು 1843ರಲ್ಲಿ.

ಭಾರತದ ವಿಷಯದಲ್ಲಿಯೇ ಮಂಡಲಿಯವರ ಶ್ರದ್ಧೆಯು ತನ್ನ ಇನ್ನೊಂದು ಮುಖವನ್ನು ತೋರಿಸಿತು. ಚಾರ್ಲ್ಸ್ ಗ್ರಾಂಟನು ಬಂಗಾಳದಲ್ಲಿ ಕಂಪೆನಿಯ ನೌಕರನಾಗಿದ್ದಾಗ 1776ರಲ್ಲಿ ಅವನ ಎರಡು ಹೆಣ್ಣುಮಕ್ಕಳು ಸಿಡುಬಿನಿಂದ ತೀರಿಕೊಂಡುವು. ಆ ದುಃಖವೇ ಅವನನ್ನು ಧರ್ಮಕ್ಕೆ ತಿರುಗಿಸಿತು. ಇಂಗ್ಲೆಂಡಿಗೆ ಮರಳಿದ ಮೇಲೆ ಅವನು ಹಿಂದೂ ಸಮಾಜವು ಅಧಃಪತನಕ್ಕಿಳಿದಿದೆಯೆಂದೂ, ಇಂಗ್ಲಿಷ್ ವಿದ್ಯೆಯೂ ಕ್ರೈಸ್ತಮತವೂ ಅದಕ್ಕೆ ಔಷಧವೆಂದೂ ದೀರ್ಘವಾದ ಪ್ರಬಂಧವನ್ನು ಬರೆದನು. ಮುಂದೆ ಕಂಪೆನಿಯ ಅಧ್ಯಕ್ಷಪದವಿಯೂ ಅವನಿಗೆ ದೊರೆಯಿತು. 1793ರಲ್ಲಿ ಕಂಪೆನಿಯ ಸನ್ನದು ನವೀಕೃತವಾದಾಗ ಧರ್ಮಬೋಧಕರನ್ನು ಕಳುಹಿಸುವ ವಿಧಿಯನ್ನು ಸೇರಿಸಲು ವಿಲ್ಬರ್‌ಫೋರ್ಸನು ಯತ್ನಿಸಿದನು. ಕಂಪೆನಿಯ ನಿರ್ದೇಶಕರು ವಿರೋಧಿಸಿ ಅದನ್ನು ತಳ್ಳಿಹಾಕಿಸಿದರು. 1806ನೆಯ ಜುಲೈ ತಿಂಗಳಲ್ಲಿ ವೆಲ್ಲೂರಿನ ಕೋಟೆಯಲ್ಲಿ ಸಿಪಾಯಿಗಳು ದಂಗೆಯೆದ್ದರು. ಹೊಸ ಮಾದರಿಯ ಪೇಟ, ಹಣೆಯ ನಾಮವಿಭೂತಿಗಳ ನಿಷೇಧ ಇವು ತಮ್ಮ ಧರ್ಮಕ್ಕೆ ಬಂದ ಅಪಾಯವೆಂದು ಅವರು ಬಗೆದಿದ್ದರು. ಟಿಪ್ಪು ಸುಲ್ತಾನನ ಮಕ್ಕಳನ್ನು ಮೈಸೂರಿನಿಂದ ತಂದು ಇರಿಸಿದ್ದುದೂ ಅದೇ ಕೋಟೆಯಲ್ಲಿ. ಮಿಷನರಿಗಳಿಗೆ ಎಡೆಗೊಟ್ಟರೆ ರಾಜ್ಯವೇ ಹೋದೀತೆಂದು ಕಂಪೆನಿಯ ಅನೇಕರು ಹೆದರಿದರು.

1813ರಲ್ಲಿ ಸನ್ನದು ಮತ್ತೆ ಚರ್ಚೆಗೆ ಬಂದಿತು. ಈ ಸಲ ಮಂಡಲಿಯವರು ಗುಲಾಮರ ಹೋರಾಟದಲ್ಲಿ ಕಲಿತ ವಿದ್ಯೆಯನ್ನೇ ಪ್ರಯೋಗಿಸಿ, ಎಂಟುನೂರಕ್ಕೂ ಹೆಚ್ಚು ಮನವಿಪತ್ರಗಳನ್ನು ಪಾರ್ಲಿಮೆಂಟಿಗೆ ತರಿಸಿದರು. ಜೂನ್ 22ರಂದು ವಿಲ್ಬರ್‌ಫೋರ್ಸನು ಸತಿ ಮೊದಲಾದುವನ್ನು ಉದಾಹರಿಸಿ, ತಮ್ಮ ಧರ್ಮವು ಉದಾತ್ತವಾದುದೆಂದೂ ಹಿಂದೂಗಳದು ಹೀನವೂ ಕ್ರೂರವೂ ಆದುದೆಂದೂ ಸಾರಿದನು. ಸತಿಯ ಕ್ರೌರ್ಯವು ಕಲ್ಪಿತವಲ್ಲ. ಅದನ್ನು ರಾಮಮೋಹನ ರಾಯರೂ ಮುಂದೆ ಖಂಡಿಸಿದರು. ಆದರೆ ಒಂದು ದೇಶದ ಸಮಸ್ತ ಧರ್ಮಕ್ಕೂ ತೀರ್ಪು ಕೊಟ್ಟವನು ಆ ದೇಶದಲ್ಲಿ ಕಾಲಿರಿಸಿದವನಲ್ಲ.

ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ ಪಾರ್ಲಿಮೆಂಟಿನ ಮುಂದೆ ಮತ್ತೊಬ್ಬನು ಸಾಕ್ಷ್ಯ ನುಡಿದಿದ್ದನು. ಅವನು ಥಾಮಸ್ ಮನ್ರೋ; ಕನ್ನಡ ಜಿಲ್ಲೆಯಲ್ಲಿಯೂ, ಬಳ್ಳಾರಿ ಸೇರಿದ ದತ್ತಮಂಡಲದಲ್ಲಿಯೂ ಕಲೆಕ್ಟರನಾಗಿ ಹಳ್ಳಿಹಳ್ಳಿಯಲ್ಲಿ ಡೇರೆ ಹಾಕಿ ತಿರುಗಿದವನು. ಈ ಜನರ ಬೇಸಾಯ, ಕೈಗಾರಿಕೆ, ಊರೂರಿನ ಶಾಲೆಗಳು, ಅತಿಥಿಸತ್ಕಾರ ಇವನ್ನೆಲ್ಲ ವಿವರಿಸಿ, ನಾಗರಿಕತೆಯು ಎರಡು ದೇಶಗಳ ನಡುವೆ ವ್ಯಾಪಾರದ ಸರಕಾಗುವುದಾದರೆ ಆಮದಿನಿಂದ ಇಂಗ್ಲೆಂಡಿಗೇ ಲಾಭವೆಂಬ ಅರ್ಥದ ಮಾತನ್ನು ಅವನು ಹೇಳಿದನು. ಹಡಗಿನ ಕಟ್ಟಕಡೆಯ ನಾವಿಕನ ಸಾಕ್ಷ್ಯವನ್ನೂ ಆಯ್ದು ತೂಗಿದ್ದ ಮಂಡಲಿಯು ಈ ಸಾಕ್ಷ್ಯಕ್ಕೆ ಮನಸ್ಸು ಕೊಡಲಿಲ್ಲ. ಗ್ರಾಂಟನೂ, ಗವರ್ನರ್ ಜನರಲ್ ಆಗಿದ್ದ ಜಾನ್ ಶೋರನೂ ಭಾರತವನ್ನು ಕಂಡವರೇ ಆಗಿದ್ದರು. ಆದರೆ ಕಂಡುದನ್ನು ಅಳೆಯುವ ಕೋಲನ್ನು ಅವರು ಮೊದಲೇ ಆರಿಸಿಕೊಂಡಿದ್ದರು. ಗುಲಾಮರ ಪ್ರಶ್ನೆಯಲ್ಲಿ ಎಕ್ವಿಯಾನೋ 1789ರಲ್ಲಿ ತನ್ನ ಚರಿತ್ರೆಯನ್ನು ತಾನೇ ಬರೆದು ಇಂಗ್ಲಿಷರ ಕೈಗಿತ್ತಿದ್ದನು. 1813ರ ಸಭೆಯಲ್ಲಿ ಯಾರ ಧರ್ಮವು ವಿಚಾರಣೆಗೆ ಗುರಿಯಾಗಿತ್ತೋ ಅವರ ಧ್ವನಿಯೇ ಕೇಳಿಸಲಿಲ್ಲ.

ಆ ವರ್ಷದ ಶಾಸನದಿಂದ ಮಿಷನರಿಗಳಿಗೆ ಅಪ್ಪಣೆಯ ಮೇರೆಗೆ ಬರುವ ಅವಕಾಶವಾಯಿತು, ಕಲ್ಕತ್ತೆಗೆ ಬಿಷಪ್ಪನ ನೇಮಕವಾಯಿತು, ವಿದ್ಯಾಭಿವೃದ್ಧಿಗೆ ವರ್ಷಕ್ಕೊಂದು ಲಕ್ಷ ರೂಪಾಯಿ ಗೊತ್ತಾಯಿತು. 1833ರ ಸನ್ನದಿನಿಂದ ದಾರಿಯು ಇನ್ನೂ ತೆರೆದು, ಮರುವರ್ಷ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಆಮೇಲೆ ನಡೆದುದು ಲಂಡನ್ನಿನ ವಾಗ್ಮಿಗಳು ಊಹಿಸಿದ್ದ ಕ್ರಮದಲ್ಲಿ ನಡೆಯಲಿಲ್ಲ. ಕಲಿಸಲು ಬಂದವರು ಮೊದಲು ಈ ನೆಲದ ಮಾತನ್ನು ಕಲಿಯಬೇಕಾಯಿತು. ಮೋಗ್ಲಿಂಗನು 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದನು. ಕಿಟ್ಟೆಲನು 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದಸ್ಸನ್ನೂ ಅಚ್ಚುಮಾಡಿಸಿ, 1894ರಲ್ಲಿ ಕನ್ನಡ ನಿಘಂಟನ್ನು ಪ್ರಕಟಿಸಿದನು. ಅವನ ಶ್ರದ್ಧೆಯು ವಿಲ್ಬರ್‌ಫೋರ್ಸನ ಶ್ರದ್ಧೆಗಿಂತ ಬೇರೆ ದೇವರನ್ನು ಕುರಿತುದಲ್ಲ; ಆದರೆ ಅದು ಒಂದೊಂದು ಶಬ್ದದ ಮುಂದೆಯೂ ವಿದ್ಯಾರ್ಥಿಯಾಗಿ ಕುಳಿತ ಶ್ರದ್ಧೆ. ಇಂದು ಅವನ ನಿಘಂಟನ್ನು ತೆರೆಯುವ ಕನ್ನಡಿಗನು ಅವನ ಮತವನ್ನು ಒಪ್ಪಬೇಕಾಗಿಲ್ಲ. ದುಡಿಮೆಯನ್ನು ಒಪ್ಪದೆ ಇರಲಾರನು.

ಕ್ಲಾಪಮಿನ ಚರಿತ್ರೆಯಿಂದ ಒಂದು ವಿವೇಕವು ಸಿದ್ಧಿಸುವುದು. ಶ್ರದ್ಧಾವಂತನು ತನ್ನ ಶ್ರದ್ಧೆಯನ್ನು ಕಚೇರಿಯ ಹೊರಗೆ ಪಾದರಕ್ಷೆಯಂತೆ ಬಿಟ್ಟು ಬರಬೇಕೆಂದು ಹೇಳಿದರೆ, ಹಡಗಿನ ಅಟ್ಟದ ಮೇಲೆ ಪ್ರಾರ್ಥಿಸುತ್ತಿದ್ದ ನ್ಯೂಟನ್ನನಂಥವರನ್ನು ನಾವೇ ಸೃಷ್ಟಿಸಿದಂತಾಗುವುದು. ಶಾರ್ಪನ ನೌಕರಿಯನ್ನೂ, ಥಾರ್ನ್ಟನ್ನನ ಹಣವನ್ನೂ, ವಿಲ್ಬರ್‌ಫೋರ್ಸನ ಸ್ನೇಹವನ್ನೂ ಬಲಿಯಾಗಿ ಕೇಳಿದ ಶ್ರದ್ಧೆಯು ಅನ್ಯರಿಂದ ಏನನ್ನೂ ಬಲಾತ್ಕಾರವಾಗಿ ಕೇಳಲಿಲ್ಲ. ಎಲ್ಲರೂ ಪರೀಕ್ಷಿಸಬಹುದಾದ ಸಾಕ್ಷ್ಯವನ್ನು ಮುಂದಿಟ್ಟು, ಸೋತಾಗಲೆಲ್ಲ ಇನ್ನಷ್ಟು ಸಾಕ್ಷ್ಯವನ್ನು ಕೂಡಿಸಿಕೊಂಡು ಬಂದಿತು. ಅದೇ ಶ್ರದ್ಧೆಯು ತನಗೆ ಎದುರಾದ ಸಾಕ್ಷಿಯ ಮಾತನ್ನು ಕೇಳುವ ಅಗತ್ಯವಿಲ್ಲವೆಂದು ಬಗೆದ ದಿನ ನ್ಯಾಯವನ್ನು ತಪ್ಪಿತು. ಮನುಷ್ಯನು ಯಾವ ದೇವರನ್ನು ನಂಬಿ ಲೋಕಕಾರ್ಯಕ್ಕೆ ಇಳಿಯುವನೆಂಬುದು ಅವನ ಸ್ವಂತದ ಮಾತು. ಇಳಿದ ಮೇಲೆ ಅವನು ಯಾರ ಮಾತಿಗೆ ಕಿವಿಗೊಡುವನು, ಯಾರ ಹೆಗಲಿಗೆ ಹೊರೆಯನ್ನು ದಾಟಿಸುವನು ಎಂಬುದನ್ನು ಕೇಳುವ ಹಕ್ಕು ಮಾತ್ರ ಎಲ್ಲರಿಗೂ ಸೇರಿದುದು.